ರಸ್ಕಿನ್‌ನ ಬೆಳ್ಳಿ ಫಲಕಗಳು

ಕನ್ನಡದ ಓದುಗರಿಗೆ ಜಾನ್ ರಸ್ಕಿನ್ ಪರಿಚಯವಾದದ್ದು ಗಾಂಧೀಜಿಯ ಮೂಲಕ. ರಸ್ಕಿನ್‌ನ 'ಅನ್‌ಟು ದಿಸ್ ಲಾಸ್ಟ್' ಗಾಂಧೀಜಿಯವರ 'ಸರ್ವೋದಯ'ಕ್ಕೆ ಮೂಲವಾದ ಕಥೆ ನಮಗೆ ಗೊತ್ತು. ಯಂತ್ರಯುಗವನ್ನು ಕಂಡರಾಗದ ಆ ಲೇಖಕ ಫೋಟೊಗ್ರಫಿಯ ಎಳವೆಯಲ್ಲೇ ಅದರ ಬೆನ್ನು ಹತ್ತಿದ್ದ ಎಂಬುದು ಅಷ್ಟಾಗಿ ತಿಳಿದಿಲ್ಲ. ಬೆಳ್ಳಿ ಫಲಕದ ಮೇಲೆ ತೆಗೆದ ಅವನ ಡಗೆರೊಟೈಪ್ ಫೋಟೊಗಳಲ್ಲಿ 125 ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿವೆ. 2006ರಲ್ಲಿ ಇಂಗ್ಲೆಂಡಿನ ಪೆನ್ರಿತ್‌ನಲ್ಲಿ ಹರಾಜಿಗೆ ಬಂದ ಪೆಟ್ಟಿಗೆಯೊಂದರಲ್ಲಿ ಇನ್ನೂ 188 ಸಿಕ್ಕವು. ಅವನ್ನು ಕೊಂಡ ಕೆನ್ ಮತ್ತು ಜೆನ್ನಿ ಜೇಕಬ್ಸನ್ ದಂಪತಿ 2015ರಲ್ಲಿ ಆ ಬಗ್ಗೆ ಪುಸ್ತಕವನ್ನೇ ತಂದರು.

ರಸ್ಕಿನ್‌ನ ಈ ಹವ್ಯಾಸದ ಹಿಂದೆ ಇದ್ದದ್ದು ಆತಂಕ. 1845ರಲ್ಲಿ ವೆನಿಸ್‌ನ ಕಾ ದೋರೊ ಅರಮನೆಯ ಚಿತ್ರ ಬರೆಯುತ್ತಿದ್ದಾಗ, ಜೀರ್ಣೋದ್ಧಾರದ ಹೆಸರಲ್ಲಿ ಕೆಲಸಗಾರರು ಕಣ್ಣೆದುರೇ ಅದರ ಕಲ್ಲುಗಳನ್ನು ಬಡಿದು ಕೀಳುತ್ತಿದ್ದರು. ಪೆನ್ಸಿಲ್‌ಗೆ ಆ ಸುತ್ತಿಗೆಯ ವೇಗ ಎಲ್ಲಿಂದ ಬರಬೇಕು? ಅದೇ ಸಮಯದಲ್ಲಿ ಫ್ರೆಂಚ್ ವ್ಯಕ್ತಿಯೊಬ್ಬನಿಂದ ಅರಮನೆಗಳ ಪುಟ್ಟ ಫಲಕಗಳನ್ನು ಕೊಂಡ. ಭೂತಗನ್ನಡಿ ಹಿಡಿದರೆ ಕಲ್ಲಿನ ಚಕ್ಕೆ ಎದ್ದ ಜಾಗ, ಗೋಡೆಯ ಕಲೆ ಎಲ್ಲವೂ ಅಲ್ಲಿತ್ತು.

ಬೆಳ್ಳಿ ಲೇಪಿಸಿದ ತಾಮ್ರದ ಹಾಳೆಗೆ ಅಯೋಡಿನ್ ಹೊಗೆ ಹಿಡಿದು, ಬೆಳಕಿಗೆ ಒಡ್ಡಿ, ಪಾದರಸದ ಆವಿಯಲ್ಲಿ ಬಿಂಬ ಮೂಡಿಸುವ ವಿಧಾನವೇ ಡಗೆರೊಟೈಪ್. ನೆಗೆಟಿವ್ ಇಲ್ಲ, ಆದ್ದರಿಂದ ಒಂದಕ್ಕೆ ಒಂದೇ ಪ್ರತಿ. ಸಾಮಾನ್ಯವಾಗಿ ಎಡ ಬಲ ಅದಲುಬದಲು. ಒಳ್ಳೆಯ ಫೋಟೊ ಎಂಬ ಅಳತೆಗೋಲಿನಿಂದ ನೋಡಿದರೆ ರಸ್ಕಿನ್‌ನ ಎಷ್ಟೋ ಫಲಕಗಳು ಸೋಲುತ್ತವೆ: ಬೆಳಕು ಹೆಚ್ಚಾಗಿದೆ, ಕಟ್ಟಡ ಅರ್ಧಕ್ಕೇ ತುಂಡಾಗಿದೆ. ಅವನಿಗೆ ಬೇಕಿದ್ದದ್ದು ಒಂದು ಬೋದಿಗೆ, ಕಮಾನಿನ ಒಂದು ಮೂಲೆ. ಮಧ್ಯಯುಗದ ಕಟ್ಟಡಗಳ ವಿವರಗಳನ್ನು ಕ್ಯಾಮೆರಾದಲ್ಲಿ ದಾಖಲಿಸುವುದೇ ವಾಸ್ತುಶಿಲ್ಪಕ್ಕೆ ಸಲ್ಲಿಸಬಹುದಾದ ದೊಡ್ಡ ಸೇವೆ ಎಂದು 1855ರಲ್ಲಿ, 'ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್'ನ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ಬರೆದ.

ಯಂತ್ರದ್ವೇಷಿಗೆ ಯಂತ್ರದ ಮೋಹ ಎಂದು ನಗುವವರಿದ್ದಾರೆ. ನನಗೆ ಅದರಲ್ಲಿ ವಿರೋಧಾಭಾಸ ಕಾಣುವುದಿಲ್ಲ. ಕೈಕೆಲಸವನ್ನು ಕಸಿಯುವ ಯಂತ್ರ ಅವನಿಗೆ ಶತ್ರು. ಹಳೆಯ ಕೈಕೆಲಸಕ್ಕೆ ಸಾಕ್ಷಿ ಹೇಳುವ ಯಂತ್ರ ಹಾಗಲ್ಲ. ಚಿತ್ರಗಾರ ಅರಿವಿಲ್ಲದೆಯೇ ವಕ್ರ ಗೆರೆಯನ್ನು ನೆಟ್ಟಗೆ ಮಾಡಿಬಿಡುತ್ತಾನೆ, ಕ್ಯಾಮೆರಾಕ್ಕೆ ಆ ದಾಕ್ಷಿಣ್ಯವಿಲ್ಲ. 'ಸ್ಟೋನ್ಸ್ ಆಫ್ ವೆನಿಸ್'ನ ಎರಡನೆಯ ಸಂಪುಟದಲ್ಲಿ (1853) ಅವನು ಗಾಥಿಕ್ ಕೆತ್ತನೆಯ ಓರೆಕೋರೆಗಳಲ್ಲೇ ಕೆಲಸಗಾರನ ಸ್ವಾತಂತ್ರ್ಯವನ್ನು ಗುರುತಿಸುತ್ತಾನೆ. ಆ ಗ್ರಂಥದ ಕಣ್ಣು ಪಳಗಿದ್ದರಲ್ಲಿ ಈ ಫಲಕಗಳ ಪಾಲೂ ಇದೆ ಎಂಬುದು ನನ್ನ ಓದು.

ನನ್ನ ತಕರಾರು ಬೇರೆ ಕಡೆ ಇದೆ. ಫಲಕಗಳನ್ನು ಸಿದ್ಧಪಡಿಸಿ, ತೆಗೆದು, ಸಂಸ್ಕರಿಸುವುದರಲ್ಲಿ ಬಹಳ ದುಡಿದವರು ಅವನ ಸೇವಕರಾದ ಜಾನ್ ಹಾಬ್ಸ್ ಮತ್ತು ಫ್ರೆಡ್ರಿಕ್ ಕ್ರಾಲಿ. ಆದರೂ 1849ರ ಮ್ಯಾಟರ್‌ಹಾರ್ನ್ ಫೋಟೊ ಆ ಪರ್ವತದ ಮೊದಲ ಸೂರ್ಯಚಿತ್ರವೆಂದು ಹೇಳಿಕೊಂಡಾಗ ಹಿರಿಮೆಯನ್ನು ರಸ್ಕಿನ್ ತನಗೇ ಇಟ್ಟುಕೊಂಡ. ಮುಂದೆ ಫೋಟೊಗ್ರಫಿ ಕಲೆಯೇ ಅಲ್ಲ ಎಂದು ಅದರಿಂದ ದೂರ ಸರಿದ. ಹೆಸರಿಲ್ಲದ ಶಿಲ್ಪಿಯ ಉಳಿಯಲ್ಲಿ ಬುದ್ಧಿ, ಮನಸ್ಸು ಎರಡನ್ನೂ ಕಂಡವನು, ಪಕ್ಕದಲ್ಲೇ ಪಾದರಸ ಕಾಯಿಸುತ್ತಿದ್ದವನ ಕೈಯಲ್ಲಿ ಬರೀ ಚಾಕರಿಯನ್ನು ಕಂಡ. ವಾಸ್ತುಶಿಲ್ಪದ ದಾಖಲೆಯಾಗಿ ಈ ಸಂಗ್ರಹಕ್ಕೆ ಸಾಟಿ ಕಡಿಮೆ. ಆದರೆ ದುಡಿಮೆಯ ಘನತೆ ಕುರಿತ ರಸ್ಕಿನ್‌ನ ಸಿದ್ಧಾಂತ ಅವನ ಕ್ಯಾಮೆರಾದ ಮುಂದಿನ ಕಲ್ಲಿಗೆ ಒದಗಿದಷ್ಟು ಹಿಂದಿನ ಮನುಷ್ಯನಿಗೆ ಒದಗಲಿಲ್ಲ.