‘ಬೆಟ್ಟದ ಹೂವು’ ಚಿತ್ರದ ರಸವಿಚಾರ

ಮುಂದೇನಾಗುವುದೆಂಬ ಕುತೂಹಲವು ತೀರಿದ ಮೇಲೆಯೂ ಯಾವ ಕೃತಿಯು ಜನರನ್ನು ಮರಳಿ ಮರಳಿ ತನ್ನ ಬಳಿಗೆ ಕರೆಯುವುದೋ, ಆ ಕೃತಿಯ ಗುಣವನ್ನು ಕತೆಯಲ್ಲಿ ಹುಡುಕಿ ಫಲವಿಲ್ಲ. ರಾಮನು ಅಯೋಧ್ಯೆಗೆ ಮರಳಲೊಪ್ಪನೆಂಬುದನ್ನು ತಿಳಿಯದೆ ‘ಪಾದುಕಾಪ್ರದಾನ’ದ ತಾಳಮದ್ದಲೆಗೆ ಬಂದು ಕುಳಿತುಕೊಳ್ಳುವವರು ಯಾರು? ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಅನೇಕ ಮನೆಗಳಲ್ಲಿ ‘ಬೆಟ್ಟದ ಹೂವು’ ಎಂಬ ಚಲಚ್ಚಿತ್ರಕ್ಕೂ ಇಂಥದೇ ಸ್ಥಾನವುಂಟು. ೧೯೮೫ರ ಈ ಚಿತ್ರವು ರಜೆಯ ದಿನ ದೂರದರ್ಶನದಲ್ಲಿ ಬಂದಿತೆಂದರೆ ಅಜ್ಜಿಯೂ ಮೊಮ್ಮಗಳೂ ಒಂದೇ ಚಾಪೆಯ ಮೇಲೆ ಕುಳಿತು ನೋಡುತ್ತಾರೆ. ಅಜ್ಜಿಗೆ ಅದು ಎಷ್ಟನೆಯ ಸಲವೆಂಬುದು ಲೆಕ್ಕಕ್ಕೆ ಸಿಕ್ಕದು.

ಕತೆ ಸಣ್ಣದು. ಬೆಟ್ಟದ ಸೀಮೆಯ ಬಡ ಸಂಸಾರವೊಂದರ ಹಿರಿಯ ಮಗ ರಾಮು. ಆ ಮನೆಯಲ್ಲಿ ಶಾಲೆಯ ಮೆಟ್ಟಿಲನ್ನು ಹತ್ತಿದವನು ಅವನೊಬ್ಬನೇ. ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಗ್ರಂಥವು ತನ್ನ ಸ್ವಂತದ್ದಾಗಬೇಕೆಂದು ಅವನ ಹಂಬಲ. ಬಡತನದ ದೆಸೆಯಿಂದ ಶಾಲೆ ತಪ್ಪಿ ದುಡಿಮೆಗೆ ಇಳಿಯಬೇಕಾಗುತ್ತದೆ. ಸಸ್ಯಶಾಸ್ತ್ರದ ಅಭ್ಯಾಸಕ್ಕೆಂದು ಬಂದ ಶೆರ್ಲಿ ಎಂಬ ವಿದೇಶೀ ಮಹಿಳೆಗೆ ಅವನು ಕಾಡಿನ ಆರ್ಕಿಡ್ ಹೂಗಳನ್ನು ಹುಡುಕಿ ತಂದುಕೊಟ್ಟು, ಕಾಸು ಕಾಸಾಗಿ ಗ್ರಂಥದ ಬೆಲೆಯನ್ನು ಕೂಡಿಸುತ್ತಾನೆ. ಕೊನೆಗೆ ಆ ಹಣವು ಹೋಗುವುದು ಮನೆಯವರ ಚಳಿಗೊಂದು ಕಂಬಳಿಗೆ. (ಮಲೆನಾಡಿನವರು ಸೀತಾಳೆದಂಡೆಯೆನ್ನುವ ಹೂವೂ ಆರ್ಕಿಡ್ ಜಾತಿಯದೇ. ರಾಮಾಯಣಕ್ಕೆ ಹಣ ಕೂಡಿಸಿಕೊಟ್ಟ ಹೂಗಳ ಬಳಗದಲ್ಲಿ ಸೀತೆಯ ಹೆಸರಿನದೊಂದು ಇರುವುದು ಕಾಕತಾಳೀಯವೇ ಸರಿ.)

ಮೂಲವು ಶೆರ್ಲಿ ಆರೋರಾ ಎಂಬ ಅಮೆರಿಕದ ಲೇಖಕಿ ೧೯೬೦ರಲ್ಲಿ ಪ್ರಕಟಿಸಿದ ‘ವಾಟ್ ದೆನ್, ರಾಮನ್?’ ಎಂಬ ಬಾಲಕಾದಂಬರಿ. ‘ನಾಂದಿ’, ‘ಅಬಚೂರಿನ ಪೋಸ್ಟಾಫೀಸು’ ಚಿತ್ರಗಳ ಎನ್. ಲಕ್ಷ್ಮೀನಾರಾಯಣ್ ಅವರು ಅದನ್ನು ಕನ್ನಡದ ನೆಲದಲ್ಲಿ ನೆಟ್ಟರು. ವಿದೇಶೀ ಮಹಿಳೆಗೆ ಇಟ್ಟ ಹೆಸರು ಮೂಲ ಲೇಖಕಿಯದೇ. ನೆಟ್ಟ ಸಸಿ ಚೆನ್ನಾಗಿ ಬೇರೂರಿತು. ಆದರೂ ಒಂದು ಕೊರತೆಯನ್ನು ಹೇಳದೆ ಬಿಡಲಾಗದು: ಬೆಟ್ಟದ ಹುಡುಗನಿಗೆ ಹುಟ್ಟಿನಿಂದ ಬಂದ ಸಸ್ಯಜ್ಞಾನಕ್ಕೆ ಬೆಲೆ ಕಟ್ಟಲು ಕಡಲಾಚೆಯವರೇ ಬರಬೇಕಾಯಿತು. ಊರಿನವರೊಬ್ಬರಿಗಾದರೂ ಆ ಕಣ್ಣಿದ್ದಿದ್ದರೆ ಚಿತ್ರವು ಇನ್ನೂ ತೂಕವುಳ್ಳದ್ದಾಗುತ್ತಿತ್ತು.

ಈ ಚಿತ್ರವನ್ನು ಕರುಣರಸಪ್ರಧಾನವೆಂದು ಕರೆಯುವುದು ವಾಡಿಕೆ. ಇದು ವಿಚಾರ ಮಾಡದೆ ಆಡಿದ ಮಾತು. ಕರುಣಕ್ಕೆ ಸ್ಥಾಯಿ ಶೋಕ. ಇಷ್ಟನಾಶವು ಅದರ ಬೀಜ. ರಾಮುವಿನ ಇಷ್ಟವನ್ನು ಯಾರೂ ಕಸಿದುಕೊಳ್ಳಲಿಲ್ಲ. ಹಣವು ಕಳುವಾಗಲಿಲ್ಲ, ಹೊಳೆಯಲ್ಲಿ ಕೊಚ್ಚಿ ಹೋಗಲಿಲ್ಲ. ಅವನೇ ಕೊಟ್ಟನು. ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ವೀರವನ್ನು ದಾನ, ಧರ್ಮ, ಯುದ್ಧ, ದಯೆಗಳೆಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನಷ್ಟೆ. ಅವುಗಳಲ್ಲಿ ದಾನವೀರದ ಲಕ್ಷಣವು ಇಲ್ಲಿ ಪೂರ್ತಿಯಾಗಿ ಸಲ್ಲುತ್ತದೆ; ಸ್ಥಾಯಿಯು ಉತ್ಸಾಹವೇ ಹೊರತು ಶೋಕವಲ್ಲ. ಪ್ರೇಕ್ಷಕರ ಕಣ್ಣಿನಲ್ಲಿ ನೀರು ಬರುವುದು ನಿಜ. ಆದರೆ ಅದು ಮರುಕದ ನೀರಲ್ಲ. ಹತ್ತು ವರ್ಷದ ಎಳೆಯನಲ್ಲಿ ಅಷ್ಟು ದೊಡ್ಡದನ್ನು ಕಂಡು ಮೈ ನವಿರೇಳುವಾಗ ಬರುವ ನೀರು. ಬಡತನದ ಮರುಕವೊಂದನ್ನೇ ನಂಬಿದ ಚಿತ್ರಗಳು ಎರಡನೆಯ ಸಲಕ್ಕೆ ಬೇಸರ ತರಿಸುತ್ತವೆ. ಇದು ಇಪ್ಪತ್ತನೆಯ ಸಲಕ್ಕೂ ತರಿಸದಿರುವುದರ ಕಾರಣ ಈ ರಸಭೇದದಲ್ಲಿದೆ.

ಕ್ರಿಸ್ತಜಯಂತಿಯ ಕಾಲದಲ್ಲಿ ಕುಂದಾಪುರದ ರೋಸರಿ ಇಗರ್ಜಿಯ ಕ್ರೈಸ್ತ ಬಂಧುಗಳ ಮನೆಗಳಿಂದ ನೆರೆಮನೆಗಳಿಗೆ ಕುಸ್ವಾರಿನ ತಟ್ಟೆ ಬರುವ ದಿನಗಳಲ್ಲಿ, ಅಮೆರಿಕದ ಮನೆಗಳಲ್ಲಿ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಎಂಬ ಹಳೆಯ ಚಿತ್ರವನ್ನು ಮನೆಮಂದಿಯೆಲ್ಲ ಕೂಡಿ ನೋಡುವ ಪದ್ಧತಿಯುಂಟು. ೧೯೪೬ರಲ್ಲಿ ಫ್ರಾಂಕ್ ಕಾಪ್ರಾ ನಿರ್ಮಿಸಿದಾಗ ಅದಕ್ಕೆ ಹಾಕಿದ ಹಣವೂ ಹುಟ್ಟಲಿಲ್ಲ. ೧೯೭೪ರಲ್ಲಿ ಹಕ್ಕಿನ ನವೀಕರಣವು ತಪ್ಪಿಹೋದ ಮೇಲೆ ದೂರದರ್ಶನದವರು ಮೇಲಿಂದ ಮೇಲೆ ತೋರಿಸಿದರು; ಜನರು ಮೆಚ್ಚಿದರು. ಅದರ ನಾಯಕ ಜಾರ್ಜ್ ಬೈಲಿಗೆ ದೇಶ ಸುತ್ತುವ ಆಸೆ, ಓದುವ ಆಸೆ. ಓದಿಗಿಟ್ಟ ಹಣವನ್ನು ತಮ್ಮನಿಗೆ ಕೊಡುತ್ತಾನೆ. ಮದುವೆಯ ಪ್ರವಾಸಕ್ಕಿಟ್ಟ ಹಣವನ್ನು ಊರಿನ ಠೇವಣಿದಾರರಿಗೆ ಹಂಚುತ್ತಾನೆ. ಕೊನೆಯಲ್ಲಿ ಊರವರು ಹಣ ತಂದು ಸುರಿಯುವರಾದರೂ ಹೋಗದ ಪ್ರವಾಸವು ಹೋಗದೆಯೇ ಉಳಿಯುತ್ತದೆ. ದೇವದೂತನು ಬರುವ ಭಾಗವನ್ನು ಜನರು ಹೆಚ್ಚಾಗಿ ಕೊಂಡಾಡುವುದುಂಟು. ಚಿತ್ರದ ಬಲವಿರುವುದು ಮಾತ್ರ ಆ ಬಳಸದ ಪೆಟ್ಟಿಗೆಯಲ್ಲಿ. ರಾಮು ಕೊಳ್ಳದ ಗ್ರಂಥಕ್ಕೂ ಜಾರ್ಜನು ಹೊರದ ಪೆಟ್ಟಿಗೆಗೂ ಜಾತಿ ಒಂದೇ.

ಇನ್ನು ಉಪಾಧ್ಯಾಯವರ್ಗದವರು ಎತ್ತುವ ಆಕ್ಷೇಪವೊಂದಿದೆ, ಅದು ಹಗುರವಾದುದಲ್ಲ. ಗ್ರಂಥಕ್ಕೂ ಕಂಬಳಿಗೂ ಸ್ಪರ್ಧೆಯೊಡ್ಡಿ ಕಂಬಳಿಯನ್ನು ಗೆಲ್ಲಿಸಿದರೆ, ಬಡವರ ಮಕ್ಕಳಿಗೆ ವಿದ್ಯೆಯು ಎರಡನೆಯ ಮಾತೆಂದು ಹೇಳಿದಂತಾಗಲಿಲ್ಲವೆ? ಮಳೆಗಾಲದಲ್ಲಿ ಗೊರಬು ಹೊದ್ದು ಗದ್ದೆಗೆ ಇಳಿದು, ಪುಸ್ತಕವನ್ನು ಮಾಡಿನ ಸಂದಿಯಲ್ಲಿಟ್ಟು, ಮತ್ತೆ ಶಾಲೆಗೆ ಬಾರದೆ ಹೋದ ಮಕ್ಕಳನ್ನು ಕಂಡ ಸೀಮೆಯಲ್ಲಿ ಈ ಪ್ರಶ್ನೆಗೆ ಹರಿತವುಂಟು. ಕಂಬಳಿ ಕೊಂಡದ್ದೇ ಸರಿಯೆಂದು ಸಲೀಸಾಗಿ ತಲೆದೂಗುವವರು ಆ ಮಕ್ಕಳನ್ನು ಮರೆತವರು. ಚಿತ್ರವಾದರೋ ಮರೆತಿಲ್ಲ. ಹಂಬಲವನ್ನು ಎಲ್ಲಿಯೂ ಸಣ್ಣದು ಮಾಡದೆ, ನೋಡುವವರಿಗೂ ಆ ಗ್ರಂಥವೇ ಬೇಕೆನಿಸುವಷ್ಟು ಬೆಳೆಸಿ, ಬಳಿಕ ಬಿಡಿಸುತ್ತದೆ. ೧೯೪೯ರಲ್ಲಿ ಹೊರಬಂದು ಜ್ಞಾನಪೀಠಕ್ಕೆ ಪಾತ್ರವಾದ ಆ ಮಹಾಛಂದಸ್ಸಿನ ಪ್ರೌಢಕಾವ್ಯವು ಬಾಲಕನಿಗೆ ಅರ್ಥವಾದೀತೇ ಎಂದು ಕೇಳುವವರೂ ಇದ್ದಾರೆ. ಪಾಠಶಾಲೆಗಳಲ್ಲಿ ಅಮರವನ್ನು ಉರುಹೊಡೆದ ಮಕ್ಕಳಿಗೆ ಅರ್ಥವು ಯಾವಾಗ ಬಂದಿತು? ಆಸೆಯು ಅರ್ಥಕ್ಕಾಗಿ ಕಾಯುವುದಿಲ್ಲ. ಅಲ್ಲದೆ ರಾಜ್ಯವನ್ನು ತಮ್ಮನಿಗೆ ಬಿಟ್ಟುಕೊಟ್ಟವನ ಕತೆಯನ್ನು ಬಯಸಿದ ಹುಡುಗನು, ಅದನ್ನು ಕೊಳ್ಳುವ ಮೊದಲೇ ಅದರ ಅಯೋಧ್ಯಾಕಾಂಡವನ್ನು ನಡೆಸಿಬಿಟ್ಟನೆಂಬುದನ್ನು ಆಕ್ಷೇಪಿಸುವವರು ಗಮನಿಸಬೇಕು.

ರಾಮುವಿನ ಪಾತ್ರವನ್ನು ವಹಿಸಿ ಉತ್ತಮ ಬಾಲನಟನೆಂಬ ರಾಷ್ಟ್ರಪ್ರಶಸ್ತಿಯನ್ನು ಪಡೆದ ಪುನೀತ್ ರಾಜ್‌ಕುಮಾರ್ ಅವರು ೨೦೨೧ರ ಅಕ್ಟೋಬರ್ ೨೯ರಂದು ತಮ್ಮ ೪೬ನೆಯ ವಯಸ್ಸಿನಲ್ಲಿ ತೀರಿಹೋದರು. ಅಂದಿನಿಂದ ಈ ಚಿತ್ರಕ್ಕೆ ಹೊಸದೊಂದು ವಿಘ್ನವು ಒದಗಿದೆ. ಪ್ರೇಕ್ಷಕನ ಸ್ವಂತ ದುಃಖವು ರಸಾಸ್ವಾದಕ್ಕೆ ಅಡ್ಡಿಯೆಂದು ಅಭಿನವಗುಪ್ತನು ಹೇಳಿದ್ದುದು ಈಗ ಮನೆಮನೆಯಲ್ಲಿ ಪ್ರತ್ಯಕ್ಷವಾಗುತ್ತಿದೆ. ಬಾಲಕನು ತೆರೆಯ ಮೇಲೆ ನಗುತ್ತ ಓಡಿಬರುವಾಗಲೇ ಹಿರಿಯರ ಕಣ್ಣು ಒದ್ದೆ. “ಅಮ್ಮಮ್ಮಾ, ಈಗ್ಳೇ ಎಂತಕ್ಕೆ ಮರ್ಕುದು?” ಎಂದು ಮೊಮ್ಮಗಳು ಕೇಳಿದರೆ ಆಕೆಗೆ ಉತ್ತರ ತೋಚದು. ಹಿರಿಯರು ನಟನಿಗಾಗಿ ಅಳುತ್ತಾರೆ, ಅಳಲಿ. ಅದು ಪ್ರೀತಿಯ ಋಣ. ರಾಮುವನ್ನು ರಾಮುವೆಂದೇ ನೋಡಬಲ್ಲವಳು ಈಗ ಆ ಚಾಪೆಯ ಮೇಲೆ ಮೊಮ್ಮಗಳೊಬ್ಬಳೇ. ನಟನು ಇನ್ನಿಲ್ಲವೆಂಬ ಸುದ್ದಿಯನ್ನು ಅವಳಿಗೆ ಚಿತ್ರವು ಮುಗಿದ ಮೇಲೆ ಹೇಳಿದರೆ ಸಾಕು. ಕಂಬಳಿಯ ಅಂಗಡಿಯ ತನಕ ಅವಳನ್ನು ಅವಳಷ್ಟಕ್ಕೆ ಬಿಡುವುದು ಒಳ್ಳೆಯದು.