ಕೊನೆಯ ಸಾಲಿಗೂ ಕೇಳಬೇಕು

ರಾಮನವಮಿಯ ಪೆಂಡಾಲ್ ಕಚೇರಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದೋ ಹಿಂದಿನ ದಿಗ್ಗಜರ ನೆನಪು, ಇಲ್ಲವೇ ನಿನ್ನೆ ಯಾರು ಯಾವ ರಾಗ ವಿಸ್ತರಿಸಿದರು ಎಂಬ ವರದಿ. ಬಯಲಿನಲ್ಲಿ ಚಪ್ಪರ ಹಾಕಿ, ಬೀದಿಯ ಸದ್ದಿನ ನಡುವೆ, ದಾರಿಹೋಕರಿಗೂ ಶಾಸ್ತ್ರೀಯ ಸಂಗೀತ ಕೇಳಿಸುವ ಈ ಪದ್ಧತಿಯಿಂದ ಸಂಗೀತಕ್ಕೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮೈದಾನದಲ್ಲಿ ಯುಗಾದಿ ಕಳೆಯುತ್ತಲೇ ಶುರುವಾಗುವ ಪುಟ್ಟ ರಾಮೋತ್ಸವಕ್ಕೆ ನಾನು ವರ್ಷವೂ ಹೋಗುತ್ತೇನೆ. ಮುನ್ನೂರು ಕುರ್ಚಿ ಹಿಡಿಸುವ ಶಾಮಿಯಾನ, ಮುಂದೆ ನೆಲಕ್ಕೆ ಜಮಖಾನ, ಎಡಕ್ಕೆ ಪಾನಕ–ಮಜ್ಜಿಗೆಯ ಮೇಜು, ಹಿಂದೆ ಹೊಂಗೆ ಮರಗಳ ಸಾಲು. ಒಮ್ಮೆ ಬಂದು ಹೋಗುವವರ ಗಮನವೆಲ್ಲ ಅಂದಿನ ಗಾಯಕರ ಮೇಲಿರುತ್ತದೆ, ಅದು ಸರಿಯೇ. ವರ್ಷವರ್ಷವೂ ಅದೇ ಜಾಗದಲ್ಲಿ ಕೂತವರಿಗೆ ಮಾತ್ರ ಯಾವುದು ಗಾಯಕರ ಗುಣ, ಯಾವುದು ಬಯಲಿನ ಗುಣ, ಯಾವುದು ಮೈಕ್‌ಸೆಟ್ಟಿನ ಅವಾಂತರ ಎಂದು ಬೇರೆ ಬೇರೆಯಾಗಿ ಗೊತ್ತಾಗುತ್ತ ಹೋಗುತ್ತದೆ.

ಈ ಪದ್ಧತಿಗೆ ನಮ್ಮಲ್ಲಿ ಒಳ್ಳೆಯ ಪರಂಪರೆಯೇ ಇದೆ. ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾಯರು ಇನ್ನೂ ಹುಡುಗರಾಗಿದ್ದಾಗಲೇ 1939ರಲ್ಲಿ ಶುರುಮಾಡಿದ ಶ್ರೀರಾಮ ಸೇವಾ ಮಂಡಳಿಯ ಉತ್ಸವ ಮುಂದೆ ಕೋಟೆ ಹೈಸ್ಕೂಲ್ ಮೈದಾನಕ್ಕೆ ಬಂದು, ದೇಶದ ದೊಡ್ಡ ವಿದ್ವಾಂಸರೆಲ್ಲ ಹಾಡಿಹೋದ ವೇದಿಕೆಯಾಯಿತು. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಎಂಟನೇ ಕ್ರಾಸಿನ ಗಣೇಶೋತ್ಸವದವರು 1960ರ ದಶಕದಿಂದಲೂ ರಸ್ತೆಗೇ ಚಪ್ಪರ ಹಾಕಿ ಕಚೇರಿ ಮಾಡಿಸುತ್ತ ಬಂದಿದ್ದಾರೆ. ಇವೆರಡಕ್ಕೂ ಹಿಂದೆ ಬಿಡಾರಂ ಕೃಷ್ಣಪ್ಪನವರಿದ್ದಾರೆ. ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿ, ರಾಮನ ಉತ್ಸವಕ್ಕೂ ಸಂಗೀತಕ್ಕೂ ಒಂದೇ ಚಾವಣಿ ಒದಗಿಸಿದವರು ಅವರು. ಅವರ ಶಿಷ್ಯ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದೂ ಇಂಥ ಸಭೆಗಳ ಕಾರಣಕ್ಕೆ. ಮೈಕ್ ಇನ್ನೂ ಬಾರದ ಕಾಲ, ಜನ ಹೆಚ್ಚಿದಾಗ ನಾಲ್ಕು ತಂತಿಯ ನಾದ ಹಿಂದೆ ಕೂತವರಿಗೆ ಮುಟ್ಟುತ್ತಿರಲಿಲ್ಲ. ಅದನ್ನು ತಮ್ಮ ವಾದ್ಯದ ಕೊರತೆ ಎಂದು ಭಾವಿಸಿ ವಾದ್ಯವನ್ನೇ ಬದಲಿಸಿದರು. ಪೆಂಡಾಲ್ ಕಚೇರಿಯನ್ನು ಅಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ. ಕೊನೆಯ ಸಾಲಿನಲ್ಲಿ ಕೂತವರಿಗೆ ಏನು ಕೇಳಿಸಿತು?

ಹಾಗಾಗಿ ನಾನು ಕೂರುವುದು ಹಿಂದೆಯೇ. ಅಲ್ಲಿ ಕೇಳುವುದರಲ್ಲಿ ಸಂಗೀತವಲ್ಲದ್ದೂ ಬಹಳ ಇರುತ್ತದೆ. ತಿರುವಿನಲ್ಲಿ ಬಸ್ಸಿನ ಹಾರ್ನ್, ಪಕ್ಕದ ಮನೆಯ ಕುಕ್ಕರಿನ ಕೂಗು, ಸಂಜೆ ಆರೂವರೆಯವರೆಗೂ ಬಿಡದೆ ಕೂಗುವ ಕೋಗಿಲೆ. ಇವುಗಳ ಬಗ್ಗೆ ನನಗೆ ದೂರಿಲ್ಲ. ಬಯಲಿನ ಸದ್ದು ಬಂದು ಹೋಗುತ್ತದೆ, ಕಿವಿ ಅದನ್ನು ತಾನಾಗಿ ಪಕ್ಕಕ್ಕಿಡುತ್ತದೆ. ನಿಧಾನವಾಗಿ ಕಟ್ಟಿದ ಆಲಾಪನೆ ಹಾರ್ನಿಗೆ ಕೆಡುವುದಿಲ್ಲ. ಒಂದು ಸ್ವರದ ಮೇಲೆ ನಿಂತು ಕಾರ್ವೆ ಕೊಡುವ ಗಾಯಕರಿಗೆ ಆ ಹಾರ್ನ್ ಮುಗಿಯುವವರೆಗೆ ಕಾಯುವಷ್ಟು ತಾಳ್ಮೆ ಇದ್ದೇ ಇರುತ್ತದೆ.

ಗಾಯಕಿಯೊಬ್ಬರನ್ನು ನಾನು ಇದೇ ಚಪ್ಪರದಲ್ಲಿ ಅವರ ಇಪ್ಪತ್ತರ ಹರೆಯದಿಂದ ಕೇಳುತ್ತಿದ್ದೇನೆ. ಮೊದಲ ವರ್ಷಗಳಲ್ಲಿ ಅವರ ಖರಹರಪ್ರಿಯದಲ್ಲಿ ಬಿರ್ಕಾಗಳೇ ಹೆಚ್ಚು. ಮೇಲಿನ ಷಡ್ಜಕ್ಕೆ ಓಡಿ, ತಿರುಗಿ, ಮತ್ತೆ ಓಡುವ ಹಾಡು. ಮುಂದಿನ ಜಮಖಾನದಲ್ಲಿ ಕೂತವರು ಭಲೇ ಎಂದರು. ಹಿಂದೆ ನಮಗೆ ಬಂದದ್ದು ಕಲಸಿಹೋದ ನಾದ. ಈಚಿನ ವರ್ಷಗಳಲ್ಲಿ ಅದೇ ರಾಗವನ್ನು ಅವರು ರಿಷಭದಲ್ಲಿ ಬಹಳ ಹೊತ್ತು ನಿಲ್ಲಿಸಿ, ಗಾಂಧಾರವನ್ನು ಅಲುಗಿಸುತ್ತ ಅಲುಗಿಸುತ್ತ ಪಂಚಮಕ್ಕೆ ತರುತ್ತಾರೆ. ಅದು ಹೊಂಗೆ ಮರದ ಕೆಳಗೆ ನಿಂತವರಿಗೂ ತಲುಪುತ್ತದೆ. ವಯಸ್ಸು, ಸಾಧನೆ ಎಲ್ಲ ಇದರಲ್ಲಿವೆ. ಆದರೆ ಬಯಲಿನಲ್ಲಿ ಹಾಡಿ ಹಾಡಿ ಕಲಿತದ್ದೂ ಇದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಗೋಡೆಗಳಿರುವ ಸಭಾಂಗಣ ಹಾಡಿದ್ದನ್ನು ಒಂದಿಷ್ಟು ಹಿಂದಕ್ಕೆ ಕೊಟ್ಟು ಗಾಯಕರ ಧ್ವನಿಯನ್ನು ತುಂಬುತ್ತದೆ. ಬಯಲು ಏನನ್ನೂ ಹಿಂದಿರುಗಿಸುವುದಿಲ್ಲ. ಅಲ್ಲಿ ಶ್ರುತಿ ಸ್ವಲ್ಪ ಜಾರಿದರೂ ಮರೆಮಾಚುವ ಅನುರಣನವಿಲ್ಲ. ಒಬ್ಬ ಕಲಾವಿದರ ಬೆಳವಣಿಗೆಯನ್ನು ವರ್ಷಕ್ಕೊಮ್ಮೆ, ಒಂದೇ ಜಾಗದಲ್ಲಿ, ಒಂದೇ ಋತುವಿನಲ್ಲಿ ಹೀಗೆ ಕೇಳಿ ನೋಡುವ ಅವಕಾಶ ಪೆಂಡಾಲ್ ಕೊಡುವ ದೊಡ್ಡ ಲಾಭ.

ಆ ಕಲಸುವಿಕೆಗೆ ಮಾತ್ರ ಗಾಯಕಿಯೊಬ್ಬರೇ ಕಾರಣರಲ್ಲ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೇದಿಕೆಯ ಪಕ್ಕದ ಸ್ಪೀಕರಿಗೂ ಚಪ್ಪರದ ಹಿಂಬದಿಯ ಸ್ಪೀಕರಿಗೂ 34 ಮೀಟರ್ ಅಂತರವಿದ್ದರೆ ಹಿಂದೆ ಕೂತವರ ಕಿವಿಗೆ ಒಂದೇ ಸ್ವರ ಎರಡು ಸಲ, ಸೆಕೆಂಡಿನ ಹತ್ತನೇ ಒಂದು ಭಾಗದ ಅಂತರದಲ್ಲಿ ಬೀಳುತ್ತದೆ. ಮೂರನೇ ಕಾಲದ ಕಲ್ಪನಾಸ್ವರದಲ್ಲಿ ಅಷ್ಟು ಹೊತ್ತಿಗೆ ಮುಂದಿನ ಸ್ವರ ಬಂದೇ ಬಿಟ್ಟಿರುತ್ತದೆ. ಹಿಂದಿನ ಸ್ಪೀಕರಿಗೆ ಅಷ್ಟೇ ತಡ ಹೊಂದಿಸಿದರೆ ಈ ತೊಂದರೆ ಬಹುಮಟ್ಟಿಗೆ ಹೋಗುತ್ತದೆ, ಈಗಿನ ಡಿಜಿಟಲ್ ಮಿಕ್ಸರುಗಳಲ್ಲಿ ಅದಕ್ಕೆ ಸೌಲಭ್ಯವೂ ಇದೆ. ಅದನ್ನು ಮಾಡುವ ಬದಲು ಹಿಂದೆ ಕೇಳುತ್ತಿಲ್ಲವೆಂದು ಒಟ್ಟು ಸದ್ದನ್ನೇ ಏರಿಸುತ್ತಾರೆ. ಮೃದಂಗದ ತೊಪ್ಪಿಯ ಗುಮ್ಮು ಎದೆಗೆ ಬಡಿಯುತ್ತದೆ, ಪಿಟೀಲು ತಗಡಿನಂತೆ ಕೀರಲಾಗುತ್ತದೆ, ಗಾಯಕರು ಮಾನಿಟರಿನಲ್ಲಿ ತಮ್ಮ ಧ್ವನಿ ಕೇಳುತ್ತಿಲ್ಲವೆಂದು ಕೈಸನ್ನೆ ಮಾಡುತ್ತಾರೆ, ಅದನ್ನೂ ಏರಿಸುತ್ತಾರೆ. ಪಕ್ಕವಾದ್ಯದವರೂ ತಮ್ಮ ಮೈಕ್ ಜಾಸ್ತಿ ಮಾಡಿಸಿಕೊಳ್ಳುತ್ತಾರೆ. ಹತ್ತು ನಿಮಿಷದಲ್ಲಿ ಎಲ್ಲರೂ ಎಲ್ಲರಿಗಿಂತ ಜೋರು. ಇದರಲ್ಲಿ ಮೊದಲು ಸಾಯುವುದು ವೀಣೆ. ವೈಣಿಕರಿಗೆ ಸಂಜೆ ಕೊಟ್ಟ ದಿನಗಳಲ್ಲಿ ಮೀಟು ಮಾತ್ರ ಕೇಳಿ, ಎಳೆತದಲ್ಲಿ ಉಳಿಯುವ ನಾದವೆಲ್ಲ ಮೃದಂಗದ ಕೆಳಗೆ ಹೂತುಹೋದದ್ದನ್ನು ಕಂಡು ನನಗೆ ನಿಜವಾಗಿ ಸಂಕಟವಾಗಿದೆ. ಮೈಸೂರು ಸೀಮೆಯ ವಾದ್ಯ ಎಂದು ನಾವು ಹೆಮ್ಮೆಪಡುವ ವೀಣೆಗೆ ಮೈಸೂರು ಸೀಮೆಯ ಉತ್ಸವದಲ್ಲೇ ಹೀಗಾಗಬಾರದು.

ಒಂದು ವರ್ಷ ಕಚೇರಿಯ ನಡುವೆ ಮಾವಿನ ಮಳೆ ಬಂತು. ಕಾಲು ಗಂಟೆ ಸುರಿದು ನಿಂತಿತು. ಗಾಳಿ ತೇವವಾಗಿ ಮೃದಂಗದ ಬಲಗಡೆ ಶ್ರುತಿ ಇಳಿದಿತ್ತು. ವಿದ್ವಾಂಸರು ವಾದ್ಯವನ್ನು ತೊಡೆಯ ಮೇಲೆ ನಿಲ್ಲಿಸಿ, ಕೈಚೀಲದಿಂದ ಗುಂಡುಕಲ್ಲು ತೆಗೆದು, ಅಂಚಿನ ಹೆಣಿಗೆಯ ಮೇಲೆ ಮರದ ತುಂಡಿಟ್ಟು ಒಂದೊಂದೇ ಪೆಟ್ಟು ಕೊಡುತ್ತ ಬಂದರು. ಒಂದು ಪೆಟ್ಟು, ಬೆರಳಲ್ಲಿ ಒಂದು ಮೀಟು, ತಂಬೂರಿಯ ಕಡೆ ಕಿವಿ, ಮತ್ತೆ ಸ್ವಲ್ಪ ತಿರುಗಿಸಿ ಇನ್ನೊಂದು ಪೆಟ್ಟು. ಸುತ್ತೂ ಹೀಗೆ. ಆಮೇಲೆ ಎಡಗಡೆಯ ರವೆಯ ಮುದ್ದೆಯನ್ನು ಕೆರೆದು ತೆಗೆದು, ಹೊಸದಾಗಿ ಸ್ವಲ್ಪವೇ ಹಚ್ಚಿದರು. ಅಷ್ಟು ಹೊತ್ತೂ ಯಾರೂ ಏಳಲಿಲ್ಲ. ಯಾವಾಗಲೂ ಎದ್ದು ಕಾಫಿಗೆ ಹೋಗುವವರೂ ಆ ದಿನ ತನಿ ಆವರ್ತನಕ್ಕೆ ಕೂತರು. ವಾದ್ಯ ಹೇಗೆ ಸಿದ್ಧವಾಯಿತೆಂದು ಕಣ್ಣಾರೆ ಕಂಡಿದ್ದರಿಂದ ಅದರ ನಾದದ ಮೇಲೆ ಗಮನ ಬಂದಿತ್ತು. ಸಭಾಂಗಣದಲ್ಲಿ ಪರದೆಯ ಹಿಂದೆ ನಡೆಯುವ ಕೆಲಸವನ್ನು ಪೆಂಡಾಲ್ ಎದುರಿಗೆ ತಂದಿತು.

ಇನ್ನು ಸನ್ಮಾನದ ವಿಷಯ. ವಸತಿ ಪ್ರದೇಶದಲ್ಲಿ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಬೇಕೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಇದು ನ್ಯಾಯವಾದ ನಿಯಮ. ಪರೀಕ್ಷೆಗೆ ಓದುವ ಮಕ್ಕಳೂ ಕಾಯಿಲೆಯವರೂ ಆ ಬೀದಿಯಲ್ಲೇ ಇರುತ್ತಾರೆ. ಆದರೆ ಆರೂವರೆಗೆ ಎಂದು ಅಚ್ಚಾಗಿದ್ದ ಕಚೇರಿ ಏಳಕ್ಕೆ ಶುರುವಾಗಿ, ಪ್ರಧಾನ ರಾಗಕ್ಕೆ ಮೊದಲು ಪ್ರಾಯೋಜಕರು, ಗಣ್ಯರು, ಶಾಲು, ಹಾರ, ಫೋಟೋ, ಎರಡು ಭಾಷಣ ಎಂದು ಮುಕ್ಕಾಲು ಗಂಟೆ ಹೋದರೆ, ಆ ನಷ್ಟವನ್ನು ಭರಿಸುವವರು ಮೂರು ಜನ. ಮೃದಂಗದವರ ತನಿ ಐದು ನಿಮಿಷಕ್ಕೆ ಇಳಿಯುತ್ತದೆ. ಪಿಟೀಲಿನವರಿಗೆ ರಾಗದ ಸರದಿ ಮೊಟಕಾಗುತ್ತದೆ. ಕೊನೆಯ ದೇವರನಾಮಗಳಿಗಾಗಿ ಕಾದು ಕೂತ ಹಿರಿಯರು ಒಂದೇ ಒಂದು ಕೇಳಿ ಎದ್ದು ಹೋಗುತ್ತಾರೆ. ಹಣ ಕೊಟ್ಟವರನ್ನು ಗೌರವಿಸಬೇಕಾದ್ದೇ. ಅವರಿಲ್ಲದೆ ಚಪ್ಪರ ಏಳುವುದಿಲ್ಲ. ವರ್ಣಕ್ಕೆ ಮೊದಲೇ ಆ ಕೆಲಸ ಮುಗಿಸಲು ಏನೂ ಅಡ್ಡಿಯಿಲ್ಲ. ಮುಗಿಸಿದ ವರ್ಷವೂ ಇದೆ, ಆ ವರ್ಷ ಕೇಳಿದ ರಾಗಂ ತಾನಂ ಪಲ್ಲವಿಯ ತಾನ ನನಗೆ ಇನ್ನೂ ಕಿವಿಯಲ್ಲಿದೆ.

ಪೆಂಡಾಲ್ ಎಲ್ಲರಿಗೂ ತೆರೆದಿದೆ ಎಂಬುದು ನಾವು ಇದರ ಬಗ್ಗೆ ಹೇಳುವ ದೊಡ್ಡ ಮಾತು. ಹಿಂದಿನ ಸಾಲಿನ ಮಟ್ಟಿಗೆ ಅದು ನಿಜ. ಎದುರಿನ ಅಪಾರ್ಟ್‌ಮೆಂಟಿನ ಕಾವಲಿನವರು ಮೈದಾನದ ಕಟ್ಟೆಯ ಮೇಲೆ ಕೂತು ಕೇಳುತ್ತಾರೆ. ಹೋದ ಸಲ ನನ್ನನ್ನು ಕಂಡವರೇ, "ಸಾರ್, ಹೋದ ವರ್ಷ ಬಂದಿದ್ರಲ್ಲ, ದಪ್ಪ ಕನ್ನಡಕದ ಪಿಟೀಲಿನವರು, ಈ ಸಲ ಅವರಿಲ್ವಾ? ಅವರು ಬಾರಿಸಿದ್ರೆ ಅಳು ಬರ್ತದೆ" ಎಂದರು. ಆ ಪಿಟೀಲಿನವರ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಅಷ್ಟು ನೇರವಾಗಿಲ್ಲ. ಟಿಕೆಟ್ ಇರುವ ಸಭಾಂಗಣದಲ್ಲಿ ಇವರು ಕೇಳುಗರಾಗುತ್ತಿರಲಿಲ್ಲ.

ವೇದಿಕೆಯ ಮಟ್ಟಿಗೆ ಮಾತ್ರ ಅದೇ ಮಾತನ್ನು ಹೇಳಲಾಗುವುದಿಲ್ಲ. ಆಹ್ವಾನಪತ್ರಿಕೆಯನ್ನು ತೆರೆದು ನೋಡಿದರೆ ಹತ್ತು ಸಂಜೆಯಲ್ಲಿ ಏಳೆಂಟು ಗಾಯನ, ಒಂದು ಪಿಟೀಲು ಅಥವಾ ಕೊಳಲು, ಒಂದು ವೀಣೆ. ಗಾಯಕರೆಲ್ಲ ಹೆಚ್ಚುಕಮ್ಮಿ ಒಂದೇ ವಲಯದಿಂದ ಬಂದವರು. ನಾಗಸ್ವರ ಮತ್ತು ಡೋಲಿನ ಹೆಸರು ಪತ್ರಿಕೆಯ ಕೊನೆಯಲ್ಲಿ "ಮಂಗಳವಾದ್ಯ" ಎಂದಿರುತ್ತದೆ, ನುಡಿಸುವವರ ಹೆಸರಿಲ್ಲದೆ. ಅವರು ಬೆಳಗ್ಗೆ ಅಭಿಷೇಕಕ್ಕೆ ನುಡಿಸುತ್ತಾರೆ, ಪಲ್ಲಕ್ಕಿಯ ಮುಂದೆ ನಡೆಯುತ್ತಾರೆ, ಸಂಜೆ ಗಣ್ಯರು ಬರುವಾಗ ಬಾಗಿಲಲ್ಲಿ ಊದುತ್ತಾರೆ, ಮೈಕ್ ಟೆಸ್ಟ್ ಶುರುವಾದೊಡನೆ ಸುಮ್ಮನಾಗುತ್ತಾರೆ. ಕಳೆದ ವರ್ಷ ಆ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಯುವಕ ಭೈರವಿ ನುಡಿಸುತ್ತಿದ್ದ. ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ಕೊರಳಿನ ನರ ಉಬ್ಬಿಸಿ, ಕೆಳಗಿನ ನಿಷಾದದಿಂದ ಒಂದೇ ಉಸಿರಿನಲ್ಲಿ ಮೇಲೇರಿ ಬಂದ. ಮೈದಾನದ ಆಚೆ ಬದಿಯ ಹಾಲಿನ ಬೂತಿನ ಹತ್ತಿರ ನಿಂತಿದ್ದ ನನಗೆ ಪ್ರತಿಯೊಂದು ಗಮಕವೂ ಬಿಡಿಬಿಡಿಯಾಗಿ ಕೇಳಿತು. ಮೈಕ್ ಇರಲಿಲ್ಲ.

ಬಯಲಿಗೆಂದೇ ಹುಟ್ಟಿದ ವಾದ್ಯ ಅದು. ತೇರಿನ ಬೀದಿಯಲ್ಲಿ, ಜಾತ್ರೆಯ ಗದ್ದಲದಲ್ಲಿ ರಾಗವನ್ನು ಗಂಟೆಗಟ್ಟಲೆ ಬೆಳೆಸಿದವರ ವಾದ್ಯ. ತಂಜಾವೂರು ಸೀಮೆಯ ಟಿ. ಎನ್. ರಾಜರತ್ನಂ ಪಿಳ್ಳೆಯವರ ತೋಡಿಯಿಂದ ಹಾಡುಗಾರರೂ ಕಲಿತರು. ಉತ್ತರದಲ್ಲಿ ಬಿಸ್ಮಿಲ್ಲಾ ಖಾನರು ಮದುವೆಮನೆಯ ಶೆಹನಾಯಿಗೆ ಕಚೇರಿಯ ಗದ್ದುಗೆ ಕೊಡಿಸಿದರು. ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರ ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು, ಅದನ್ನು ಕರ್ನಾಟಕ ಸಂಗೀತಕ್ಕೆ ಬಗ್ಗಿಸಿ, ಎಲ್ಲ ಪೆಂಡಾಲುಗಳಲ್ಲೂ ಪ್ರಧಾನ ಕಲಾವಿದರಾಗಿ ಮೆರೆದರು. ಅವರ ಕಚೇರಿಗೆ ಬಯಲು ತುಂಬಿ ರಸ್ತೆಯೂ ತುಂಬುತ್ತಿತ್ತು. ಪಾಶ್ಚಾತ್ಯ ವಾದ್ಯವೊಂದಕ್ಕೆ ಅಷ್ಟು ಪ್ರೀತಿಯಿಂದ ಜಾಗ ಕೊಟ್ಟ ನಾವು, ಅದರ ಒಳಗಿದ್ದ ಬಾನಿ ಯಾವ ವಾದ್ಯದ್ದೋ ಆ ವಾದ್ಯವನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಬಂದಿದ್ದೇವೆ. ಜೋರು ವಾದ್ಯ, ಮೂರು ಗಂಟೆ ಕೇಳಲಾಗದು ಎನ್ನುವವರಿದ್ದಾರೆ. ಚಿಕ್ಕ ಸಭಾಂಗಣದಲ್ಲಿ ಆ ಮಾತು ಒಪ್ಪಬಹುದು. ಮೂರು ಕಡೆ ತೆರೆದ ಮೈದಾನದಲ್ಲಿ, ಮೃದಂಗಕ್ಕೂ ಮೈಕ್ ಹಚ್ಚಿ ಕಿವಿ ತುಂಬಿಸುವ ಚಪ್ಪರದಲ್ಲಿ, ಅದು ನಿಲ್ಲುವ ವಾದವಲ್ಲ.

ಈ ವರ್ಷದ ಸಿದ್ಧತೆಗೆ ಸಮಿತಿಯ ಹಿರಿಯರು ಸಲಹೆ ಕೇಳಿದಾಗ ನಾನು ಬೇರೆ ಏನನ್ನೂ ಹೇಳಲಿಲ್ಲ. ನವಮಿಯ ಸಂಜೆಯನ್ನೇ ಆ ಯುವಕನಿಗೆ ಕೊಡಿ, ಇಬ್ಬರು ಡೋಲಿನವರೊಂದಿಗೆ ಪೂರ್ತಿ ಮೂರು ಗಂಟೆ ಕೊಡಿ, ಪತ್ರಿಕೆಯಲ್ಲಿ ಮೂವರ ಹೆಸರನ್ನೂ ದಪ್ಪಕ್ಷರದಲ್ಲಿ ಹಾಕಿಸಿ, ಗಾಯಕರಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಡಿ, ಆ ಒಂದು ದಿನ ಮೈಕ್‌ಸೆಟ್ಟಿನವರಿಗೆ ರಜೆ ಹೇಳಿ ಎಂದೆ. ಅಧ್ಯಕ್ಷರು ನವಮಿಯ ದಿನ ಆಗಲಿಕ್ಕಿಲ್ಲ, ಅಷ್ಟಮಿಗೆ ನೋಡೋಣ ಎಂದಿದ್ದಾರೆ.