ಕೃತಕ ಬುದ್ಧಿಮತ್ತೆಯ ಪ್ರಥಮ ಪಾಠ: ವ್ಯಾಪ್ತಿ ಮತ್ತು ಉಪಾಧಿ

ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಆರನೆಯ ಡೀನರ ಸಮಿತಿಯು 2024ರಲ್ಲಿ ಹೊರಡಿಸಿದ ಪಠ್ಯಕ್ರಮದಲ್ಲಿ, ಕೃಷಿ ಪದವಿಯ ವಿದ್ಯಾರ್ಥಿಗಳಿಗೆ ಮಾಹಿತಿಶಾಸ್ತ್ರದೊಡನೆ ಕೃತಕ ಬುದ್ಧಿಮತ್ತೆಯೂ ಪಾಠವಾಗಿ ಸೇರಿದೆ. ರಾಯಚೂರು ಕೃಷಿ ವಿಶ್ವವಿದ್ಯಾನಿಲಯದ ಕಾಲೇಜೊಂದು ಶಹಾಪುರ ತಾಲ್ಲೂಕಿನ ಭೀಮರಾಯನಗುಡಿಯಲ್ಲಿರುವುದರಿಂದ, ಈ ವಿಚಾರವು ಕೃಷ್ಣಾ ಕಾಲುವೆಯ ಸೀಮೆಗೂ ಸಂಬಂಧಪಟ್ಟುದು. ಇಂಥ ಪ್ರವೇಶಪಾಠದ ಕ್ರಮವು ಯಂತ್ರಶಾಸ್ತ್ರಜ್ಞರ ಚಿಂತೆ ಮಾತ್ರವಲ್ಲ. ಶಬ್ದಾರ್ಥವಿಚಾರ ಮಾಡುವವರಿಗೂ ಅದರಲ್ಲಿ ಕೆಲಸವುಂಟು.

ಮೊದಲು ಹೆಸರನ್ನು ವಿಚಾರಿಸುವ. ಜಾನ್ ಮೆಕಾರ್ಥಿ ಮೊದಲಾದವರು 1955ರ ಮನವಿಯಲ್ಲಿ ಬಳಸಿ, 1956ರ ಡಾರ್ಟ್‌ಮತ್ ಗೋಷ್ಠಿಯಿಂದ ಪ್ರಚಾರಕ್ಕೆ ಬಂದ ಪದವನ್ನು ನಾವು 'ಕೃತಕ'ವೆಂದು ಕನ್ನಡಿಸಿದ್ದೇವೆ. ಶಾಸ್ತ್ರದಲ್ಲಿ ಕೃತಕವೆಂದರೆ ಮಾಡಲ್ಪಟ್ಟದ್ದು, ಆಡುನುಡಿಯಲ್ಲಿ ಹುಸಿಯಾದದ್ದು. ಮಾಡಲ್ಪಟ್ಟ ಬುದ್ಧಿಯೆಂದು ತಿಳಿದವನು ಅದನ್ನು ಮಿತಿಮೀರಿ ನಂಬಬಹುದು. ಹುಸಿಬುದ್ಧಿಯೆಂದು ತಿಳಿದವನು ಪರೀಕ್ಷಿಸದೆಯೇ ತಳ್ಳಬಹುದು. ಎರಡೂ ಸಲ್ಲದು.

ಇನ್ನು ತತ್ತ್ವ. ಯಂತ್ರಕಲಿಕೆಯೆಂಬುದು ಬಹುಮಟ್ಟಿಗೆ ಭೂಯೋದರ್ಶನದಿಂದ, ಎಂದರೆ ಅನೇಕ ಉದಾಹರಣೆಗಳನ್ನು ಮತ್ತೆ ಮತ್ತೆ ಕಾಣುವುದರಿಂದ, ವ್ಯಾಪ್ತಿಯನ್ನು ಊಹಿಸುವ ಕ್ರಮ. ಆದರೆ ಸಹಚಾರವೆಲ್ಲ ವ್ಯಾಪ್ತಿಯಲ್ಲವೆಂದು ನೈಯಾಯಿಕರು ಎಚ್ಚರಿಸಿರುವರು. ಹೊಗೆಯಿದ್ದಲ್ಲಿ ಬೆಂಕಿಯುಂಟು, ಬೆಂಕಿಯಿದ್ದಲ್ಲೆಲ್ಲ ಹೊಗೆಯಿಲ್ಲ, ಅದಕ್ಕೆ ಹಸಿಸೌದೆಯೆಂಬ ಉಪಾಧಿ ಬೇಕು. 2016ರಲ್ಲಿ ರಿಬೇರೊ ಮತ್ತು ಸಂಗಡಿಗರು, ಬೇಕೆಂದೇ ದೋಷಯುಕ್ತ ಚಿತ್ರಗಳಿಂದ ಕಲಿಸಿದ ಯಂತ್ರವು ತೋಳವನ್ನೂ ಹಸ್ಕಿ ನಾಯಿಯನ್ನೂ ಹಿನ್ನೆಲೆಯ ಹಿಮದಿಂದಲೇ ಬೇರ್ಪಡಿಸುವುದನ್ನು ತೋರಿಸಿದರು. ಹಿಮದ ಸಹಚಾರವನ್ನೇ ಅದು ವ್ಯಾಪ್ತಿಯೆಂದು ಬಗೆದಿತ್ತು.

ಇದನ್ನು ಶಹಾಪುರ-ಸುರಪುರಗಳ ಹೊಲಕ್ಕೆ ತಂದು ನೋಡಬಹುದು. ರೋಗ ಹಿಡಿದ ಹತ್ತಿಗಿಡದ ಚಿತ್ರಗಳೆಲ್ಲ ಎರೆನೆಲದಲ್ಲಿಯೂ, ಆರೋಗ್ಯವಾದುವು ಮಸಾರಿಯಲ್ಲಿಯೂ ತೆಗೆದುವಾಗಿದ್ದರೆ, ಯಂತ್ರವು ನೆಲದ ಕಪ್ಪನ್ನೇ ರೋಗವೆಂದೀತು. ಆ ಮಾತನ್ನು ನಂಬಿ ಔಷಧ ಸಿಂಪಡಿಸಿದ ರೈತನಿಗೆ ಹಣವೂ ನಷ್ಟ, ಬೆಳೆಗೂ ಪ್ರಯೋಜನವಿಲ್ಲ.

ಸಂಖ್ಯಾಶಾಸ್ತ್ರದಲ್ಲಿಯೇ ಪರೀಕ್ಷೆಯಿರುವಾಗ ನ್ಯಾಯಶಾಸ್ತ್ರವೇತಕ್ಕೆಂದು ಕೆಲವರು ಆಕ್ಷೇಪಿಸಬಹುದು. ಒಂದೇ ರಾಶಿಯಿಂದ ಕಲಿಕೆಗೂ ಪರೀಕ್ಷೆಗೂ ಚಿತ್ರಗಳನ್ನು ಹಂಚಿದರೆ, ರಾಶಿಯ ದೋಷವು ಎರಡರಲ್ಲಿಯೂ ಉಳಿದು, ಯಂತ್ರವು ತೇರ್ಗಡೆಯಾಗುವುದು. ಉಪಾಧಿಯನ್ನು ಹುಡುಕುವ ಅಭ್ಯಾಸವಿದ್ದವನು ಬೇರೆ ಹೊಲದ, ಬೇರೆ ನೆಲದ ಚಿತ್ರವನ್ನು ಕೇಳುವನು. ಪ್ರಾಚೀನರಿಗೆ ಗಣಕಯಂತ್ರ ತಿಳಿದಿತ್ತೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಸಂದೇಹವನ್ನು ಸ್ಫುಟವಾಗಿ ಹೇಳಲು ಬೇಕಾದ ಮಾತುಗಳು ನಮ್ಮಲ್ಲಿವೆಯೆಂಬುದಷ್ಟೇ ಅಭಿಪ್ರಾಯ.

ಆದಕಾರಣ ಪ್ರವೇಶಪಾಠದಲ್ಲಿ ಗಣಿತದ ಜೊತೆಗೆ ಹೇತುವಿಚಾರಕ್ಕೂ ಕೆಲವು ಗಂಟೆಗಳನ್ನು ಮೀಸಲಿಡುವುದು ಯುಕ್ತ. ಯಂತ್ರವು ಕೊಟ್ಟ ಉತ್ತರಕ್ಕೆ ಕಾರಣವೇನೆಂದು ರೈತನು ಕೇಳಿದಾಗ, ವಿದ್ಯಾರ್ಥಿಯು ಅದನ್ನು ಕನ್ನಡದಲ್ಲಿ ವಿವರಿಸಲು ಶಕ್ತನಾಗಬೇಕು. ಈ ಪರಿಭಾಷೆಯನ್ನು ಸಿದ್ಧಪಡಿಸುವ ಭಾರವನ್ನು ಭಾಷಾಧ್ಯಾಪಕರೂ ಹೊರುವುದು ಅವಶ್ಯಕ.